ಬಡ್ಡಿಯನ್ನು ಪೂರ್ತಿ ತೋರಿಸಿ, ಆಮೇಲೆ ಕಳೆಯಿರಿ

ಅಮೆರಿಕದ ಆದಾಯ ತೆರಿಗೆ ಫಾರ್ಮ್ 1040ರಲ್ಲಿ ಬಡ್ಡಿಗೆಂದು ಅಕ್ಕಪಕ್ಕ ಎರಡು ಮನೆಗಳಿವೆ. 2ಎ ತೆರಿಗೆ ಇಲ್ಲದ ಬಡ್ಡಿಗೆ, 2ಬಿ ತೆರಿಗೆ ಬೀಳುವ ಬಡ್ಡಿಗೆ. ಮಕ್ಕಳ ಕಾಲೇಜು ಫೀಸಿಗಾಗಿ ಸರ್ಕಾರದ ಸೇವಿಂಗ್ಸ್ ಬಾಂಡ್ ಮುರಿಸಿದವರು, ಅದರ ಬಡ್ಡಿಗೆ ತೆರಿಗೆ ಇಲ್ಲವಂತೆ ಎಂದು ಯಾರಿಂದಲೋ ಕೇಳಿಕೊಂಡು, ಮೊತ್ತವನ್ನು ನೇರ 2ಎಗೆ ತುಂಬಿಬಿಡುತ್ತಾರೆ. ಇನ್ನು ಕೆಲವರು ತೆರಿಗೆಯೇ ಇಲ್ಲದ ಮೇಲೆ ಬರೆಯುವುದೇಕೆ ಎಂದು ಎಲ್ಲಿಯೂ ತೋರಿಸುವುದಿಲ್ಲ. ಎರಡೂ ತಪ್ಪು.

2ಎ ಇರುವುದು ಮುಖ್ಯವಾಗಿ ಅಲ್ಲಿನ ರಾಜ್ಯಗಳು, ನಗರಗಳು, ಶಾಲಾ ಜಿಲ್ಲೆಗಳು ಹೊರಡಿಸುವ ಮುನಿಸಿಪಲ್ ಬಾಂಡ್‌ಗಳ ಬಡ್ಡಿಗೆ. ಆ ಬಾಂಡ್ ಯಾರ ಕೈಯಲ್ಲಿದ್ದರೂ, ಅವರು ಎಷ್ಟೇ ಸಂಬಳದವರಾದರೂ, ಬಡ್ಡಿಗೆ ಸಾಮಾನ್ಯವಾಗಿ ಕೇಂದ್ರದ ತೆರಿಗೆ ಇಲ್ಲ. ಸೇವಿಂಗ್ಸ್ ಬಾಂಡ್ ಹಾಗಲ್ಲ. ಅದರ ಬಡ್ಡಿಗೆ ತೆರಿಗೆ ಇದ್ದೇ ಇದೆ. ನೀವು ಯಾರು, ಕೊಳ್ಳುವಾಗ ನಿಮಗೆ ಎಷ್ಟು ವಯಸ್ಸು, ಹಣವನ್ನು ಯಾವುದಕ್ಕೆ ಖರ್ಚು ಮಾಡಿದಿರಿ, ಆ ವರ್ಷ ನಿಮ್ಮ ಆದಾಯ ಎಷ್ಟು, ಇವೆಲ್ಲ ಸರಿಹೊಂದಿದರೆ ಮಾತ್ರ ಅದರಲ್ಲಿ ಒಂದು ಭಾಗವನ್ನೋ ಪೂರ್ತಿಯನ್ನೋ ಬಿಟ್ಟುಕೊಡುತ್ತಾರೆ. ಹಾಗಾಗಿ ಬಡ್ಡಿಯನ್ನು ಮೊದಲು ಪೂರ್ತಿ ತೋರಿಸಬೇಕು, ವಿನಾಯಿತಿಯ ಲೆಕ್ಕವನ್ನು ಫಾರ್ಮ್ 8815ರಲ್ಲಿ ಮಾಡಬೇಕು, ಅಲ್ಲಿ ಬಂದ ಮೊತ್ತವನ್ನು ಶೆಡ್ಯೂಲ್ ಬಿಯಲ್ಲಿ ಕಳೆಯಬೇಕು. ಉಳಿದದ್ದು 2ಬಿಗೆ ಹೋಗುತ್ತದೆ.

ಓದುಗರಲ್ಲಿ ಅನೇಕರ ಸಮಯ ಉಳಿಸುವ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. 2025ರ ಆದಾಯಕ್ಕೆ, ಗಂಡ ಹೆಂಡತಿ ಒಟ್ಟಾಗಿ ರಿಟರ್ನ್ ಸಲ್ಲಿಸುವುದಾದರೆ, ಈ ವಿನಾಯಿತಿ ಆದಾಯ 1,49,250 ಡಾಲರ್ ದಾಟುತ್ತಿದ್ದಂತೆ ಕರಗತೊಡಗಿ 1,79,250ಕ್ಕೆ ಸೊನ್ನೆಯಾಗುತ್ತದೆ. ಒಂಟಿಯಾಗಿ ಸಲ್ಲಿಸುವವರಿಗೆ ಈ ಗಡಿ 99,500ರಿಂದ 1,14,500. ಸ್ಯಾನ್ ಹೋಸೆಯಲ್ಲೋ ಸಿಯಾಟಲ್‌ನಲ್ಲೋ ದಂಪತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಮೇಲಿನ ಗಡಿಯನ್ನು ಎಂದೋ ದಾಟಿರುತ್ತಾರೆ. ಅಂಥವರು ಫಾರ್ಮ್ 8815ರ ಗೋಜಿಗೇ ಹೋಗಬೇಕಿಲ್ಲ, ಪೂರ್ತಿ ಬಡ್ಡಿಯನ್ನು 2ಬಿಯಲ್ಲಿ ತೋರಿಸಿದರೆ ಮುಗಿಯಿತು. ಮನೆಯಲ್ಲಿ ಒಬ್ಬರದೇ ಸಂಬಳ ಇರುವವರು, ಕೆಲಸ ಹೋಗಿ ವರ್ಷದ ಆದಾಯ ಇಳಿದವರು, ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವವರು, ನಿವೃತ್ತಿಯ ಅಂಚಿನಲ್ಲಿದ್ದು ಕಿರಿಯ ಮಗುವನ್ನು ಓದಿಸುತ್ತಿರುವವರು ಮುಂದೆ ಓದಬಹುದು. ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಸಲ್ಲಿಸಿದರೆ ಆದಾಯ ಎಷ್ಟೇ ಇರಲಿ, ಈ ವಿನಾಯಿತಿ ಸಿಗುವುದಿಲ್ಲ.

ಬಾಂಡ್ ಯಾರ ಹೆಸರಿನಲ್ಲಿದೆ?

ವಿನಾಯಿತಿ ಸಿಗುವುದು 1989ರ ನಂತರ ಹೊರಡಿಸಿದ ಸೀರೀಸ್ ಇಇ ಬಾಂಡ್‌ಗಳಿಗೆ ಮತ್ತು ಸೀರೀಸ್ ಐ ಬಾಂಡ್‌ಗಳಿಗೆ. ಐ ಬಾಂಡ್ ಶುರುವಾದದ್ದೇ 1998ರಲ್ಲಿ, ಆದ್ದರಿಂದ ಅವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೆಲೆಯೇರಿಕೆ ಮುಗಿಲು ಮುಟ್ಟಿದ್ದ 2022ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಐ ಬಾಂಡ್‌ನ ಬಡ್ಡಿ ದರ ಶೇಕಡಾ 9.62 ಇತ್ತು. ಅದುವರೆಗೆ ಈ ಬಾಂಡ್‌ನ ಹೆಸರೇ ಕೇಳದವರೂ ಆಗ ಸರ್ಕಾರದ ಟ್ರೆಷರಿಡೈರೆಕ್ಟ್ ಜಾಲತಾಣದಲ್ಲಿ ಖಾತೆ ತೆರೆದು ವರ್ಷಕ್ಕೆ ಒಬ್ಬರಿಗೆ ಇದ್ದ 10,000 ಡಾಲರ್ ಮಿತಿಯಷ್ಟನ್ನೂ ಹಾಕಿದರು. ಆ ಬಾಂಡ್‌ಗಳನ್ನು ಈಗ ಮುರಿಸಬಹುದು. ಐದು ವರ್ಷ ತುಂಬುವ ಮುನ್ನ ಮುರಿಸಿದರೆ ಕಡೆಯ ಮೂರು ತಿಂಗಳ ಬಡ್ಡಿ ಕೈಬಿಡುತ್ತದೆ, ಅಷ್ಟೆ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನ ವಿಷಯದಲ್ಲಿ. ಊರಿನಲ್ಲಿ ಮಗಳ ಹೆಸರಿಗೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ರೂಢಿಯಾದವರಿಗೆ ಅಮೆರಿಕದಲ್ಲಿಯೂ ಮಗುವಿನ ಹೆಸರಿನಲ್ಲೇ ಬಾಂಡ್ ಕೊಳ್ಳುವುದು ಸರಿ ಎನಿಸುತ್ತದೆ. ಈ ವಿನಾಯಿತಿಗೆ ಮಾತ್ರ ಅದೇ ಅಡ್ಡಿ. ಬಾಂಡ್ ನಿಮ್ಮ ಹೆಸರಿನಲ್ಲಿರಬೇಕು, ಅಥವಾ ನಿಮ್ಮ ಮತ್ತು ನಿಮ್ಮ ಗಂಡ ಅಥವಾ ಹೆಂಡತಿಯ ಜಂಟಿ ಹೆಸರಿನಲ್ಲಿರಬೇಕು. ಬಾಂಡ್ ಹೊರಬಿದ್ದ ತಿಂಗಳಿಗೆ ಮೊದಲೇ ಮಾಲೀಕರಿಗೆ 24 ವರ್ಷ ತುಂಬಿರಬೇಕು. ಮಗುವನ್ನು ನಾಮಿನಿಯಾಗಿ ಸೇರಿಸಬಹುದು, ಜಂಟಿ ಮಾಲೀಕರಾಗಿ ಸೇರಿಸುವಂತಿಲ್ಲ. ಅಜ್ಜ ಅಜ್ಜಿ ಪ್ರೀತಿಯಿಂದ ಮೊಮ್ಮಗನ ಹೆಸರಿಗೆ ಕೊಂಡುಕೊಟ್ಟ ಬಾಂಡ್ ಮೊಮ್ಮಗನದು. ಅವನೇ ಅದರಿಂದ ತನ್ನ ಫೀಸು ಕಟ್ಟಿದರೂ ವಿನಾಯಿತಿ ಇಲ್ಲ.

ಈಗಾಗಲೇ ಮಗುವಿನ ಹೆಸರಿನಲ್ಲಿ ಕೊಂಡಾಗಿದ್ದರೆ ಇನ್ನೊಂದು ದಾರಿ ಇದೆ. ಸೇವಿಂಗ್ಸ್ ಬಾಂಡ್‌ನ ಬಡ್ಡಿಯನ್ನು ಮುರಿಸುವ ವರ್ಷ ಒಟ್ಟಿಗೆ ತೋರಿಸಬಹುದು, ಅಥವಾ ವರ್ಷ ವರ್ಷ ಬೆಳೆದಷ್ಟನ್ನು ಆಯಾ ವರ್ಷ ತೋರಿಸುತ್ತಾ ಹೋಗಬಹುದು. 2025ರಲ್ಲಿ ಬೇರೆ ಆದಾಯವಿಲ್ಲದ ಮಗುವಿಗೆ 1,350 ಡಾಲರ್‌ವರೆಗಿನ ಬಡ್ಡಿಗೆ ತೆರಿಗೆ ಬೀಳುವುದಿಲ್ಲ. ಆದ್ದರಿಂದ ಮಗುವಿನ ಹೆಸರಿನಲ್ಲಿ ಒಂದು ರಿಟರ್ನ್ ಸಲ್ಲಿಸಿ ವರ್ಷವಾರು ಪದ್ಧತಿಗೆ ಹೋದರೆ ಬಹುಪಾಲು ಬಡ್ಡಿ ತೆರಿಗೆ ಇಲ್ಲದೆಯೇ ಕಳೆದುಹೋಗುತ್ತದೆ. ಆದರೆ ಒಮ್ಮೆ ಆ ಪದ್ಧತಿ ಹಿಡಿದರೆ ಆ ಮಗುವಿನ ಎಲ್ಲ ಬಾಂಡ್‌ಗಳಿಗೂ ಅದೇ ಅನ್ವಯ. ಮುಂದೆ ಬಾಂಡ್ ಮುರಿಸಿದಾಗ ಬಡ್ಡಿಯ ವಿವರ ಕೊಡುವ ಫಾರ್ಮ್ 1099-ಐಎನ್‌ಟಿಯಲ್ಲಿ ಪೂರ್ತಿ ಬಡ್ಡಿ ಮತ್ತೆ ಕಾಣಿಸಿಕೊಳ್ಳಬಹುದು, ಆದ್ದರಿಂದ ಹಿಂದೆ ತೋರಿಸಿದ್ದರ ದಾಖಲೆ ಕೈಯಲ್ಲಿರಬೇಕು.

ಯಾವ ಖರ್ಚು, ಯಾವ ವರ್ಷ

ಲೆಕ್ಕಕ್ಕೆ ಬರುವುದು ನಿಮ್ಮ, ನಿಮ್ಮ ಗಂಡ ಅಥವಾ ಹೆಂಡತಿಯ, ಅಥವಾ ರಿಟರ್ನ್‌ನಲ್ಲಿ ನಿಮ್ಮ ಅವಲಂಬಿತರೆಂದು ತೋರಿಸಿದವರ ಕಾಲೇಜಿನ ಬೋಧನಾ ಶುಲ್ಕ ಮತ್ತು ಕಡ್ಡಾಯ ಶುಲ್ಕಗಳು. ಹಾಸ್ಟೆಲ್ ಬಾಡಿಗೆ, ಊಟದ ಖರ್ಚು, ಪುಸ್ತಕ, ಲ್ಯಾಪ್‌ಟಾಪ್ ಇವು ಬರುವುದಿಲ್ಲ. ಓದಿನ ಖರ್ಚಿಗೆಂದೇ ಇರುವ 529 ಉಳಿತಾಯ ಖಾತೆಯ ನಿಯಮ ಇದಕ್ಕಿಂತ ಉದಾರವಾಗಿರುವುದರಿಂದ ಎರಡನ್ನೂ ಇಟ್ಟುಕೊಂಡವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಕಾಲೇಜು ಅಮೆರಿಕದ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ನೆರವಿಗೆ ಅರ್ಹವಾದ ಸಂಸ್ಥೆಯಾಗಿರಬೇಕು. ಮಗನನ್ನು ಕರ್ನಾಟಕದ ಮೆಡಿಕಲ್ ಕಾಲೇಜಿಗೆ ಸೇರಿಸಿದವರು ಆ ಕಾಲೇಜಿಗೆ ಅಂಥ ಅರ್ಹತೆ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಭಾರತದ ಕಾಲೇಜಿಗೆ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ಷರತ್ತು ಬಾಂಡ್ ಮುರಿಸಿದ ವರ್ಷವೇ ಫೀಸನ್ನೂ ಕಟ್ಟಿರಬೇಕು ಎಂಬುದು. ವಸಂತ ಸೆಮಿಸ್ಟರ್‌ನ ಬಿಲ್ ಡಿಸೆಂಬರ್‌ನಲ್ಲಿ ಬರುತ್ತದೆ, ಕಟ್ಟಲು ಜನವರಿವರೆಗೆ ಸಮಯ ಇರುತ್ತದೆ. ಡಿಸೆಂಬರ್ 20ಕ್ಕೆ ಬಾಂಡ್ ಮುರಿಸಿ, ಜನವರಿ 5ಕ್ಕೆ ಫೀಸು ಕಟ್ಟಿದರೆ ಆ ಬಡ್ಡಿಗೆ ಆ ಫೀಸು ಆಸರೆಯಾಗುವುದಿಲ್ಲ. ಬ್ಯಾಂಕಿನಲ್ಲಿ ಹಣ ಹದಿನಾರು ದಿನ ಮಾತ್ರ ಇದ್ದರೂ ತೆರಿಗೆಯ ಕಣ್ಣಿಗೆ ಅವು ಎರಡು ಬೇರೆ ವರ್ಷಗಳು. ಬಾಂಡನ್ನು ಜನವರಿಯಲ್ಲೇ ಮುರಿಸಿ, ಇಲ್ಲವೇ ಫೀಸನ್ನು ಡಿಸೆಂಬರ್‌ನಲ್ಲೇ ಕಟ್ಟಿ.

ಮಕ್ಕಳು ಇನ್ನೂ ಚಿಕ್ಕವರಾಗಿದ್ದು ನಿಮ್ಮ ಆದಾಯ ಈಗ ಗಡಿಯೊಳಗಿದ್ದರೆ ಯೋಚಿಸಬೇಕಾದ ಮಾತೊಂದಿದೆ. ಬಾಂಡ್ ಮುರಿಸಿದ ಹಣವನ್ನು ಅದೇ ವರ್ಷ ಅವಲಂಬಿತ ಮಗುವಿನ ಹೆಸರಿನ 529 ಖಾತೆಗೆ ಹಾಕಿದರೆ ಅದನ್ನೂ ಶಿಕ್ಷಣದ ಖರ್ಚೆಂದೇ ಎಣಿಸುತ್ತಾರೆ. ಹತ್ತು ವರ್ಷದ ನಂತರ ಸಂಬಳ ಏರಿ ವಿನಾಯಿತಿ ತಪ್ಪಿಹೋಗುವುದಕ್ಕಿಂತ ಈಗಲೇ ಸಾಗಿಸುವುದು ಜಾಣತನ. ಹಣ ಹಾಕುವಾಗ ಬಾಂಡ್‌ನ ಬಡ್ಡಿ ಎಷ್ಟೆಂದು ತೋರಿಸುವ ಕಾಗದವನ್ನು 529 ಯೋಜನೆಯವರಿಗೆ ಕೊಡಬೇಕು. ಕೊಡದಿದ್ದರೆ ಅವರು ಇಡೀ ಮೊತ್ತವನ್ನು ಗಳಿಕೆ ಎಂದು ಬರೆದುಕೊಳ್ಳುತ್ತಾರೆ.

ಒಂದು ಲೆಕ್ಕ

ಅಂಕಿ ಹಾಕಿ ನೋಡದೆ ಫಾರ್ಮ್ 8815 ಅರ್ಥವಾಗುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಒಂದು ದಂಪತಿ ಎಂದಿಟ್ಟುಕೊಳ್ಳೋಣ. 2025ರಲ್ಲಿ ಅವರು ಐ ಬಾಂಡ್‌ಗಳನ್ನು ಮುರಿಸಿ 20,000 ಡಾಲರ್ ಪಡೆದರು. ಅದರಲ್ಲಿ ಅಸಲು 15,000, ಬಡ್ಡಿ 5,000. ಅದೇ ವರ್ಷ ಮಗಳ ಬೋಧನಾ ಶುಲ್ಕ 22,000 ಕಟ್ಟಿದರು. ಅವಳಿಗೆ 2,000 ಡಾಲರ್ ಸ್ಕಾಲರ್‌ಶಿಪ್ ಬಂದಿದೆ. ಜೊತೆಗೆ ಕಾಲೇಜು ಶುಲ್ಕಕ್ಕೆ ತೆರಿಗೆ ತಗ್ಗಿಸುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್‌ಗಾಗಿ 4,000 ಡಾಲರ್ ಶುಲ್ಕವನ್ನು ಬಳಸಿಕೊಳ್ಳುತ್ತಿದ್ದಾರೆ. ಒಂದೇ ಫೀಸಿಗೆ ಎರಡು ಕಡೆ ಲಾಭ ಪಡೆಯುವಂತಿಲ್ಲ, ಆದ್ದರಿಂದ ಇವೆರಡನ್ನೂ ಕಳೆದು ಉಳಿಯುವ ಶುಲ್ಕ 16,000. 529 ಖಾತೆಯಿಂದ ತೆರಿಗೆ ಇಲ್ಲದೆ ತೆಗೆದು ಕಟ್ಟಿದ ಭಾಗ ಇದ್ದಿದ್ದರೆ ಅದನ್ನೂ ಇಲ್ಲೇ ಕಳೆಯಬೇಕಿತ್ತು.

ಕೈಗೆ ಬಂದದ್ದು 20,000, ಲೆಕ್ಕಕ್ಕೆ ಬರುವ ಖರ್ಚು 16,000. ಹೋಲಿಕೆ ಮಾಡುವುದು ಬಡ್ಡಿಯ ಜೊತೆಗಲ್ಲ, ಅಸಲು ಬಡ್ಡಿ ಸೇರಿದ ಇಡೀ ಮೊತ್ತದ ಜೊತೆಗೆ ಎಂಬುದನ್ನು ಗಮನಿಸಿ. ನಾನು ನೋಡಿದ ಮಟ್ಟಿಗೆ ಎಲ್ಲರೂ ತಪ್ಪುವುದು ಇಲ್ಲೇ. ಬಡ್ಡಿ ಐದೇ ಸಾವಿರ, ಫೀಸು ಹದಿನಾರು ಸಾವಿರ, ಹಾಗಾಗಿ ಬಡ್ಡಿಯೆಲ್ಲ ಮಾಫಿ ಎಂದು ತಿಳಿಯುತ್ತಾರೆ. 16,000ವನ್ನು 20,000ದಿಂದ ಭಾಗಿಸಿದರೆ 0.8. 5,000ದ ಬಡ್ಡಿಗೆ ಅದನ್ನು ಗುಣಿಸಿದರೆ 4,000. ಫಾರ್ಮ್‌ನ 8ನೇ ಸಾಲಿಗೆ ಬರುವುದು ಈ 4,000.

ಇನ್ನು ಆದಾಯದ ಜರಡಿ. 9ನೇ ಸಾಲು ಕೇಳುವುದು ಎಂಎಜಿಐ ಎಂಬ ಮಾರ್ಪಡಿಸಿದ ಒಟ್ಟು ಆದಾಯವನ್ನು. ವಿನಾಯಿತಿ ಕೇಳುತ್ತಿರುವ ಬಡ್ಡಿಯನ್ನೂ ಸೇರಿಸಿಕೊಂಡೇ ಆ ಆದಾಯವನ್ನು ಲೆಕ್ಕ ಹಾಕಬೇಕು. ಒಂದೇ ವರ್ಷ ಬಾಂಡ್‌ಗಳನ್ನೆಲ್ಲ ಮುರಿಸಿದರೆ ಆ ಬಡ್ಡಿಯೇ ನಿಮ್ಮನ್ನು ಗಡಿಯಾಚೆಗೆ ತಳ್ಳಿಬಿಡಬಹುದು. ನಮ್ಮ ದಂಪತಿಯ ಎಂಎಜಿಐ ಬಡ್ಡಿ ಸೇರಿ 1,58,250 ಎಂದುಕೊಳ್ಳಿ. ಗಡಿಯಾದ 1,49,250ನ್ನು ಕಳೆದರೆ ಉಳಿಯುವುದು 9,000. ಅದನ್ನು 30,000ದಿಂದ ಭಾಗಿಸಿದರೆ 0.3. ಒಂಟಿಯಾಗಿ ಸಲ್ಲಿಸುವವರಾದರೆ 15,000ದಿಂದ ಭಾಗಿಸಬೇಕು. 4,000ದಲ್ಲಿ 0.3 ಭಾಗ, ಅಂದರೆ 1,200 ಡಾಲರ್ ಕೈತಪ್ಪುತ್ತದೆ. 14ನೇ ಸಾಲಿನಲ್ಲಿ ಉಳಿಯುವ ವಿನಾಯಿತಿ 2,800.

ಐದು ಸಾವಿರ ಬಡ್ಡಿಯಲ್ಲಿ 2,800ಕ್ಕೆ ತೆರಿಗೆ ಇಲ್ಲ, 2,200ಕ್ಕೆ ಇದೆ. ಈ ದಂಪತಿ ಶೇಕಡಾ 22 ತೆರಿಗೆಯ ಹಂತದಲ್ಲಿರುವುದರಿಂದ ಉಳಿದದ್ದು 616 ಡಾಲರ್. ದೊಡ್ಡ ಮೊತ್ತವೇನಲ್ಲ, ಆದರೂ ಒಂದು ಸಂಜೆಯ ಕೆಲಸಕ್ಕೆ ಮೋಸವಿಲ್ಲ. ಇದೊಂದೇ ಕಾರಣಕ್ಕೆ ಯಾರಾದರೂ ಹೊಸದಾಗಿ ಸೇವಿಂಗ್ಸ್ ಬಾಂಡ್ ಕೊಳ್ಳುತ್ತೇನೆಂದರೆ ಮಾತ್ರ ನಾನು ಬೇಡ ಎನ್ನುತ್ತೇನೆ. ಆದಾಯದ ಮಿತಿಯೇ ಇಲ್ಲದ 529 ಖಾತೆ ಇರುವಾಗ ಮಕ್ಕಳ ಓದಿಗೆ ಇದು ಎರಡನೆಯ ಆಯ್ಕೆ. ಕೊಂಡಾಗಿರುವ ಬಾಂಡ್‌ಗಳನ್ನು ಮುರಿಸುವುದಕ್ಕೆ ಮಾತ್ರ ಈ ಲೇಖನ. ಒಂದೇ ಸಲ ಮುರಿಸದೆ ಕಾಲೇಜಿನ ನಾಲ್ಕು ವರ್ಷಕ್ಕೂ ಹಂಚಿಕೊಳ್ಳಿ. ಟ್ರೆಷರಿಡೈರೆಕ್ಟ್‌ನಲ್ಲಿ ಒಂದು ಬಾಂಡಿನ ಸ್ವಲ್ಪ ಭಾಗವನ್ನಷ್ಟೇ ಮುರಿಸಲು ಬಿಡುತ್ತಾರೆ. ಮೇಲಿನ ದಂಪತಿ ಆ ವರ್ಷ 16,000 ಡಾಲರ್‌ಗೆ ಆಗುವಷ್ಟನ್ನೇ ಮುರಿಸಿದ್ದರೆ ಮೊದಲ ಭಾಗಾಕಾರದಲ್ಲಿ ಏನೂ ಕಳೆದುಕೊಳ್ಳುತ್ತಿರಲಿಲ್ಲ.

ಕಾಗದದ ಮೇಲೆ

ಕಾಗದದ ಬಾಂಡನ್ನು ಬ್ಯಾಂಕಿನಲ್ಲಿ ಮುರಿಸಿದರೆ ಬ್ಯಾಂಕು 1099-ಐಎನ್‌ಟಿ ಕೊಡುತ್ತದೆ. ಆನ್‌ಲೈನ್ ಬಾಂಡ್ ಆದರೆ ಅಂಚೆಯಲ್ಲಿ ಏನೂ ಬರುವುದಿಲ್ಲ, ವರ್ಷ ಮುಗಿದ ಮೇಲೆ ನೀವೇ ಟ್ರೆಷರಿಡೈರೆಕ್ಟ್‌ಗೆ ಲಾಗಿನ್ ಆಗಿ ಅದನ್ನು ಇಳಿಸಿಕೊಳ್ಳಬೇಕು. ಇದನ್ನು ಮರೆಯುವವರೇ ಬಹಳ. ಬಡ್ಡಿ ಕಾಣುವುದು ಅದರ 3ನೇ ಬಾಕ್ಸಿನಲ್ಲಿ. ತೆರಿಗೆ ಇಲ್ಲದ ಬಡ್ಡಿಗೆ 8ನೇ ಬಾಕ್ಸ್ ಬೇರೆ ಇದೆ, ಅದು ಖಾಲಿ ಇರುತ್ತದೆ. ಬ್ಯಾಂಕಿಗಾಗಲಿ ಟ್ರೆಷರಿಗಾಗಲಿ ನೀವು ಫೀಸು ಕಟ್ಟಿದ ಸಂಗತಿ ಗೊತ್ತಿರುವುದಿಲ್ಲ, ಅವರು ಪೂರ್ತಿ 5,000ವನ್ನೇ ಬರೆದಿರುತ್ತಾರೆ. ಅದರ ಪ್ರತಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಹೋಗಿರುತ್ತದೆ. ನಿಮ್ಮ ರಿಟರ್ನ್‌ನಲ್ಲಿ ಆ 5,000 ಕಾಣದಿದ್ದರೆ ಅಲ್ಲಿನ ಕಂಪ್ಯೂಟರ್ ತಾಳೆ ನೋಡುವಾಗ ವ್ಯತ್ಯಾಸ ಸಿಕ್ಕಿ ಸಿಪಿ2000 ಎಂಬ ನೋಟಿಸ್ ಬರುತ್ತದೆ.

ಶೆಡ್ಯೂಲ್ ಬಿಯ 1ನೇ ಸಾಲಿನಲ್ಲಿ ಬ್ಯಾಂಕಿನ ಬಡ್ಡಿಯ ಜೊತೆಗೆ ಬಾಂಡ್‌ನ 5,000ವನ್ನೂ ಪೂರ್ತಿ ಬರೆಯಿರಿ. 2ನೇ ಸಾಲಿನಲ್ಲಿ ಒಟ್ಟು. 3ನೇ ಸಾಲು ಈ ವಿನಾಯಿತಿಗೆಂದೇ ಇರುವುದು, ಅಲ್ಲಿ ಫಾರ್ಮ್ 8815ರಿಂದ ಬಂದ 2,800. ಕಳೆದು ಉಳಿದದ್ದು 4ನೇ ಸಾಲು, ಅಲ್ಲಿಂದ 1040ರ 2ಬಿ. ವರ್ಷದ ಒಟ್ಟು ಬಡ್ಡಿ 1,500 ಡಾಲರ್ ಒಳಗಿದ್ದವರಿಗೆ ಸಾಮಾನ್ಯವಾಗಿ ಶೆಡ್ಯೂಲ್ ಬಿ ಬೇಕಿಲ್ಲ, ಈ ವಿನಾಯಿತಿ ಕೇಳುವವರಿಗೆ ಮಾತ್ರ ಬಡ್ಡಿ ಎಷ್ಟೇ ಇದ್ದರೂ ಬೇಕು. ಹಳೆಯ ಕಾಗದದ ಇಇ ಬಾಂಡ್ ಇರುವವರು ಒಂದು ವಿಷಯ ನೆನಪಿಡಿ. ಅದನ್ನು ಮುಖಬೆಲೆಯ ಅರ್ಧಕ್ಕೆ ಮಾರುತ್ತಿದ್ದರು. 100 ಡಾಲರ್ ಎಂದು ಅಚ್ಚಾಗಿರುವ ಬಾಂಡಿನ ಅಸಲು 50, ಬಡ್ಡಿ ಲೆಕ್ಕ ಅಲ್ಲಿಂದ ಶುರು.

ಬಾಂಡಿನ ಸಂಖ್ಯೆ, ಹೊರಡಿಸಿದ ದಿನಾಂಕ, ಮುರಿಸಿದ ದಿನಾಂಕ, ಬಂದ ಮೊತ್ತ ಇವನ್ನು ಬರೆದಿಟ್ಟುಕೊಳ್ಳಲು ಫಾರ್ಮ್ 8818 ಇದೆ. ಅದನ್ನು ಸಲ್ಲಿಸಬೇಕಿಲ್ಲ, ಕಾಲೇಜಿನ ಬಿಲ್‌ಗಳ ಜೊತೆ ಕಡತದಲ್ಲಿಟ್ಟರೆ ಸಾಕು.

ರಾಜ್ಯದ ತೆರಿಗೆಯಲ್ಲಿ ಕಥೆ ಸುಲಭ. ಸೇವಿಂಗ್ಸ್ ಬಾಂಡ್‌ನ ಬಡ್ಡಿಗೆ ಯಾವ ರಾಜ್ಯವೂ ಆದಾಯ ತೆರಿಗೆ ಹಾಕುವಂತಿಲ್ಲ, ನಿಮ್ಮ ಸಂಬಳ ಎಷ್ಟಿದ್ದರೂ, ಹಣವನ್ನು ಯಾವುದಕ್ಕೆ ಬಳಸಿದರೂ. ಕ್ಯಾಲಿಫೋರ್ನಿಯಾದವರು ಶೆಡ್ಯೂಲ್ ಸಿಎಯಲ್ಲಿ ಅದನ್ನು ಕಳೆಯಬೇಕು. ಕಳೆಯುವುದು ಕೇಂದ್ರದ ರಿಟರ್ನ್‌ನಲ್ಲಿ ತೆರಿಗೆಗೆ ಒಳಪಟ್ಟ 2,200ನ್ನು ಮಾತ್ರ, ಉಳಿದದ್ದು ಆಗಲೇ ಹೊರಗಿದೆ. ಟೆಕ್ಸಾಸ್, ವಾಷಿಂಗ್ಟನ್ ರಾಜ್ಯದವರಿಗೆ ಸಂಬಳ, ಬಡ್ಡಿಯ ಮೇಲೆ ರಾಜ್ಯದ ತೆರಿಗೆಯೇ ಇಲ್ಲ.

ಊರಿನ ಬಡ್ಡಿ

ಶೆಡ್ಯೂಲ್ ಬಿ ಕೈಯಲ್ಲಿರುವಾಗ ಅದರ ಕೆಳಭಾಗಕ್ಕೂ ಕಣ್ಣು ಹಾಯಿಸಿ. ವಿದೇಶದಲ್ಲಿ ಬ್ಯಾಂಕ್ ಖಾತೆ ಇದೆಯೇ ಎಂದು ಅಲ್ಲಿ ಕೇಳುತ್ತಾರೆ. ಬೆಂಗಳೂರಿನ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳೂ ಅಮೆರಿಕದ ಪಾಲಿಗೆ ವಿದೇಶವೇ. ಎಲ್ಲ ಖಾತೆ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು.

2ಎ ಮನೆಯ ತಪ್ಪು ಇಲ್ಲಿಯೂ ಆಗುತ್ತದೆ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ, ಪಿಪಿಎಫ್ ಬಡ್ಡಿಗೆ, ಎನ್‌ಎಚ್‌ಎಐ, ಆರ್‌ಇಸಿ ಮುಂತಾದವು ಹಿಂದೆ ಹೊರಡಿಸಿದ ತೆರಿಗೆರಹಿತ ಬಾಂಡ್‌ಗಳ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಹಾಗೆಂದು ಅದನ್ನು ಅಮೆರಿಕದ 2ಎಗೆ ಹಾಕುವಂತಿಲ್ಲ. ಅಮೆರಿಕದ ಕಾನೂನಿನಲ್ಲಿ ಅದಕ್ಕೆ ಯಾವ ವಿನಾಯಿತಿಯೂ ಇಲ್ಲ, ಅಲ್ಲಿನ ನಿವಾಸಿಗಳು ಶೆಡ್ಯೂಲ್ ಬಿಯಲ್ಲಿ ಬರೆದು 2ಬಿಗೆ ಸೇರಿಸಬೇಕು. ಭಾರತದಲ್ಲಿ ತೆರಿಗೆ ಕಟ್ಟಿಲ್ಲದ್ದರಿಂದ ವಿದೇಶಿ ತೆರಿಗೆಯ ಕ್ರೆಡಿಟ್ ಕೂಡ ಸಿಗುವುದಿಲ್ಲ.

ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಮೈಸೂರಿಗೋ ಮಂಗಳೂರಿಗೋ ವಾಪಸಾಗುವವರಿಗೆ ಇದೇ ತಿರುಗುಮುರುಗಾಗುತ್ತದೆ. ಬಂದ ಹೊಸದರಲ್ಲಿ ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲ ಎಂಬ ಸ್ಥಾನಮಾನ ಇರುವಷ್ಟು ಕಾಲ, ಅಮೆರಿಕದಲ್ಲೇ ಕೈಸೇರುವ ಬಡ್ಡಿಗೆ ಭಾರತ ತೆರಿಗೆ ಕೇಳುವುದಿಲ್ಲ. ಆ ಅವಧಿ ಮುಗಿದ ಮೇಲೆ ಸೇವಿಂಗ್ಸ್ ಬಾಂಡ್ ಮುರಿಸಿದರೆ ಆ ಬಡ್ಡಿ ಇಲ್ಲಿನ ಆದಾಯಕ್ಕೂ ಸೇರುತ್ತದೆ. ಫಾರ್ಮ್ 8815 ಕೊಟ್ಟ ವಿನಾಯಿತಿ ಭಾರತದ ಆದಾಯ ತೆರಿಗೆ ಇಲಾಖೆಗೆ ಲೆಕ್ಕಕ್ಕಿಲ್ಲ. ಹಿಂದಿರುಗುವ ಯೋಚನೆ ಇರುವವರು ಬಾಂಡ್ ಮುರಿಸುವ ವರ್ಷವನ್ನು ಇದನ್ನೂ ನೋಡಿಕೊಂಡು ಆರಿಸಬೇಕು.

ಹಿಂದಿನ ವರ್ಷಗಳಲ್ಲಿ ಬಾಂಡ್ ಮುರಿಸಿ, ಫೀಸು ಕಟ್ಟಿ, ವಿನಾಯಿತಿ ಇರುವುದೇ ತಿಳಿಯದೆ ಪೂರ್ತಿ ತೆರಿಗೆ ಕೊಟ್ಟವರಿಗೂ ಅವಕಾಶ ಇದೆ. ರಿಟರ್ನ್ ಸಲ್ಲಿಸಿದ ಮೂರು ವರ್ಷದೊಳಗೆ ತಿದ್ದುಪಡಿಯ ಫಾರ್ಮ್ 1040-ಎಕ್ಸ್ ಹಾಕಿ, ಜೊತೆಗೆ ಆ ವರ್ಷದ ಫಾರ್ಮ್ 8815 ಲಗತ್ತಿಸಿ ಹಣ ವಾಪಸ್ ಕೇಳಬಹುದು. ಆದಾಯದ ಗಡಿ ಪ್ರತಿ ವರ್ಷ ಬದಲಾಗುತ್ತದೆ, ಆದ್ದರಿಂದ ಆಯಾ ವರ್ಷದ್ದನ್ನೇ ಬಳಸಬೇಕು. ಜಂಟಿ ರಿಟರ್ನ್‌ಗೆ 2023ರಲ್ಲಿ ಅದು 1,37,800ರಿಂದ 1,67,800, 2024ರಲ್ಲಿ 1,45,200ರಿಂದ 1,75,200. ಒಂಟಿಯವರಿಗೆ 2023ರಲ್ಲಿ 91,850ರಿಂದ 1,06,850, 2024ರಲ್ಲಿ 96,800ರಿಂದ 1,11,800.